ಇಎಲ್‌ಸಿಬಿ ತೆಗೆಸಬೇಡ ಕಣಪ್ಪಾ

ನಿನ್ನೆ ರಾತ್ರಿ ನಿಮ್ಮ ಮನೆಯ ದೀಪ ಮೂರು ಸಲ ಹೋಯಿತು. ನಾನು ಬಾಲ್ಕನಿಯಲ್ಲೇ ಕೂತಿದ್ದೆ, ಕಣ್ಣಿಗೆ ಬಿತ್ತು. ಬೀದಿಗೆಲ್ಲ ಕರೆಂಟ್ ಇದ್ದು ನಿಮ್ಮ ಮನೆ ಮಾತ್ರ ಕತ್ತಲಾದರೆ ಬೆಸ್ಕಾಂಗೆ ಫೋನ್ ಮಾಡಿ ಪ್ರಯೋಜನವಿಲ್ಲ, ದೋಷ ಮನೆಯೊಳಗೇ ಇದೆ. ಬೆಳಿಗ್ಗೆ ಲಿಫ್ಟ್ ಹತ್ತಿರ ನೀನು ಹೇಳಿದ ಮಾತು ಕೇಳಿ ಮಾತ್ರ ಎದೆ ಧಸಕ್ಕೆಂದಿತು: "ಇಎಲ್‌ಸಿಬಿ ತೆಗೆದು ಡೈರೆಕ್ಟ್ ಮಾಡಿಕೊಡ್ತಾರಂತೆ ಅಂಕಲ್, ಆಮೇಲೆ ತೊಂದರೆ ಇರಲ್ವಂತೆ." ಬೇಡ. ಆ ಕೆಲಸ ಒಂದನ್ನು ಮಾಡಿಸಬೇಡ.

ನಿಮ್ಮ ಡಿಬಿಯಲ್ಲಿ, ಅಂದರೆ ಬ್ರೇಕರುಗಳ ಪೆಟ್ಟಿಗೆಯಲ್ಲಿ, ಸಾಲಾಗಿರುವ ಎಂಸಿಬಿಗಳು ವೈರನ್ನು ಕಾಯುತ್ತವೆ. ಟೆಸ್ಟ್ ಬಟನ್ ಇರುವ ಆ ಅಗಲದ್ದು ನಿಮ್ಮನ್ನು ಕಾಯುತ್ತದೆ. ರೂಢಿಯಲ್ಲಿ ನಾವು ಅದನ್ನು ಇಎಲ್‌ಸಿಬಿ ಅನ್ನುತ್ತೇವೆ, ಈಗಿನ ಮನೆಗಳಲ್ಲಿರುವುದು ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಕರೆಂಟು ಅಷ್ಟೂ ನ್ಯೂಟ್ರಲಿನಲ್ಲಿ ವಾಪಸ್ ಬಂತೇ ಎಂದು ನೋಡುವುದೇ ಅದರ ಕೆಲಸ. 30 ಮಿಲಿಆಂಪ್ ಕಡಿಮೆ ಬಂದರೆ 0.3 ಸೆಕೆಂಡಿನೊಳಗೆ ಬೀಳುತ್ತದೆ. ಗೀಸರ್ ಲೈನಿಗೆ 16 ಆಂಪಿನ ಎಂಸಿಬಿ ಇರುತ್ತದಲ್ಲ, ಅದರ ನೂರನೇ ಒಂದು ಪಾಲು ಎದೆಯ ಮೂಲಕ ಹಾದರೂ ಜೀವ ಹೋಗಬಹುದು. ಎಂಸಿಬಿಗೆ ಅದರ ಸುಳಿವೂ ಸಿಗುವುದಿಲ್ಲ. ಮನುಷ್ಯನ ಮೈ ಎಷ್ಟು ಕರೆಂಟು ತಡೆದೀತು ಎಂದು ವರ್ಷಗಟ್ಟಲೆ ಅಳೆದ ಬರ್ಕ್ಲಿಯ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜೀಲ್ 1961ರಲ್ಲಿ ಇಂಥದೇ ಸಾಧನ ರೂಪಿಸಿದ. ಅಮೆರಿಕದ ಬಚ್ಚಲುಮನೆಯ ಸಾಕೆಟ್ಟು ಸುಮಾರು 5 ಮಿಲಿಆಂಪಿಗೇ ಬೀಳುತ್ತದೆ. ನಮ್ಮದು ಅದಕ್ಕಿಂತ ಸಡಿಲ. ಅದನ್ನೂ ತೆಗೆಸಿದರೆ ಉಳಿಯುವುದೇನು?

ಈಗ ಹುಡುಕುವ ಬಗೆ ಹೇಳುತ್ತೇನೆ. ಕೈ ಒದ್ದೆ ಇರಬಾರದು, ಕಾಲಲ್ಲಿ ಚಪ್ಪಲಿ ಇರಲಿ, ಡಿಬಿಯ ಮುಚ್ಚಳ ಬಿಚ್ಚಬೇಡ. ಎಂಸಿಬಿಗಳನ್ನೆಲ್ಲ ಇಳಿಸಿ ಇಎಲ್‌ಸಿಬಿ ಒಂದನ್ನೇ ಎತ್ತು. ನಿಂತಿತೋ, ಎಂಸಿಬಿಗಳನ್ನು ಒಂದೊಂದಾಗಿ ಎತ್ತುತ್ತಾ ಹೋಗು. ಯಾವುದನ್ನು ಎತ್ತಿದಾಗ ಬೀಳುತ್ತದೋ ಆ ಲೈನಿನ ಮೇಲೆ ಅನುಮಾನ. ಆ ಲೈನಿನ ಪ್ಲಗ್ಗುಗಳನ್ನೆಲ್ಲ ಕಿತ್ತಿಡು. ಸ್ವಿಚ್ ಆಫ್ ಮಾಡಿದರೆ ಸಾಲದು. ಸ್ವಿಚ್ಚು ಫೇಸನ್ನಷ್ಟೇ ಕತ್ತರಿಸುತ್ತದೆ, ನ್ಯೂಟ್ರಲ್ ಹೋಗಿ ಅರ್ತಿಗೆ ತಾಗಿದ್ದರೂ ಟ್ರಿಪ್ ಆಗುತ್ತದೆ. ಎಲ್ಲ ಕಿತ್ತ ಮೇಲೆ ನಿಂತರೆ, ಒಂದೊಂದೇ ಚುಚ್ಚಿ ಚಾಲೂ ಮಾಡಿ ನೋಡು. ಎಲ್ಲ ಎಂಸಿಬಿ ಇಳಿಸಿ, ಮನೆಯ ಪ್ಲಗ್ಗುಗಳನ್ನೆಲ್ಲ ಕಿತ್ತರೂ ಇಎಲ್‌ಸಿಬಿ ನಿಲ್ಲದಿದ್ದರೆ ಗೋಡೆಯೊಳಗಿನ ನ್ಯೂಟ್ರಲ್ ಎಲ್ಲೋ ಅರ್ತಿಗೆ ಸೇರಿದೆ, ಇಲ್ಲವೇ ಆ ಸಾಧನವೇ ಕೆಟ್ಟಿದೆ. ಅದು ನಿನ್ನ ಕೈಲಾಗುವ ಕೆಲಸವಲ್ಲ, ಲೈಸೆನ್ಸ್ ಇರುವವರನ್ನೇ ಕರೆಸು.

ನನ್ನನ್ನು ಕೇಳಿದರೆ ಮೊದಲ ಅನುಮಾನ ಗೀಸರಿನ ಮೇಲೆ. ನಮ್ಮ ಮಾರತ್ತಹಳ್ಳಿಯ ಬೋರ್‌ವೆಲ್ಲು, ಟ್ಯಾಂಕರು ನೀರಿನ ಗಡಸುತನ ನೀನೇ ನೋಡಿದ್ದೀಯ, ಬಕೆಟ್ಟಿನ ಅಂಚಿಗೆ ಬಿಳಿ ಪಟ್ಟೆ ಕಟ್ಟುತ್ತದೆ. ಅದೇ ಉಪ್ಪು ಗೀಸರಿನ ಕಾಯಿಲ್ ಮೇಲೂ ಕಟ್ಟುತ್ತದೆ. ಬಿಸಿ ಹೊರಗೆ ಹೋಗಲಾರದೆ ಕಾಯಿಲಿನ ಕೊಳವೆ ಕಾದು ಬಿರುಕು ಬಿಡುತ್ತದೆ, ಒಳಗಿನ ಪುಡಿಗೆ ನೀರು ಇಳಿಯುತ್ತದೆ, ಕರೆಂಟು ನೀರಿಗೆ ಬರುತ್ತದೆ. ಚಾಲೂ ಮಾಡಿ ಹತ್ತು ನಿಮಿಷವಾದ ಮೇಲೆ ಬೀಳುತ್ತಿದ್ದರೆ ಇದೇ ಇರಬೇಕು.

ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ಮೆಕ್ಯಾನಿಕ್ ಒಬ್ಬ ಬಂದು ಲೈನನ್ನು ಡೈರೆಕ್ಟ್ ಮಾಡಿಹೋದ. ನಾನು ಊರಲ್ಲಿರಲಿಲ್ಲ. ಟ್ರಿಪ್ ಆಗುವುದು ನಿಂತಿತು, ಮನೆಯವರೆಲ್ಲ ಸಮಾಧಾನಪಟ್ಟರು. ನಾಲ್ಕನೇ ದಿನ ನನ್ನ ಹೆಂಡತಿ ನಲ್ಲಿ ಮುಟ್ಟಿದಾಗ ಕೈ ಜುಮ್ಮೆಂದಿತು. ಅವಳು ಕಾಲಿಟ್ಟಿದ್ದು ಒಣ ಮಣೆಯ ಮೇಲೆ. ಒದ್ದೆ ನೆಲದ ಮೇಲೆ ನಿಂತಿದ್ದರೆ ಎಂಬುದನ್ನು ನೆನೆಯಲು ಈಗಲೂ ನನಗೆ ಆಗುವುದಿಲ್ಲ. ಹೊಸ ಕಾಯಿಲ್ ಹಾಕಿಸಿದೆವು, ಇಎಲ್‌ಸಿಬಿ ಮತ್ತೆ ಜಾಗಕ್ಕೆ ಬಂತು, ಆಮೇಲೆ ಸುಮ್ಮನೆ ಬೀಳಲಿಲ್ಲ.

ಗೀಸರ್ ಅಲ್ಲದಿದ್ದರೆ ವಾಷಿಂಗ್ ಮೆಷೀನು, ಮಳೆಯಲ್ಲಿ ನೆನೆದ ಬಾಲ್ಕನಿ ದೀಪ, ಹಳೆಯ ಮಿಕ್ಸಿ ನೋಡು. ಯುಪಿಎಸ್ ಹೊಸದಾಗಿ ಹಾಕಿಸಿದ ಮೇಲೆ ಶುರುವಾಗಿದ್ದರೆ ಅದರ ನ್ಯೂಟ್ರಲನ್ನು ಮನೆಯ ನ್ಯೂಟ್ರಲಿಗೆ ಸೇರಿಸಿರುತ್ತಾರೆ. ಮತ್ತೊಂದು, 30ರದ್ದನ್ನು ತೆಗೆದು 100 ಅಥವಾ 300 ಮಿಲಿಆಂಪಿನದು ಹಾಕುತ್ತೇನೆ ಎಂದರೂ ಒಪ್ಪಬೇಡ. ಅದು ಬೆಂಕಿ ತಡೆಯಲು ಇರುವುದು, ಜೀವ ಉಳಿಸಲು ಅಲ್ಲ.

ಇದು ಬಾಡಿಗೆ ಮನೆ, ಓನರ್ ಖರ್ಚು ಕೊಡುತ್ತಾರೋ ಇಲ್ಲವೋ ಎಂದು ಕಾಯುತ್ತಾ ಕೂರಬೇಡ. ಇವತ್ತು ರಾತ್ರಿ ಗೀಸರಿನ ಎಂಸಿಬಿ ಇಳಿಸಿಯೇ ಇರಲಿ, ಮಗುವಿನ ಸ್ನಾನಕ್ಕೆ ಗ್ಯಾಸ್ ಮೇಲೆ ನೀರು ಕಾಯಿಸು. ಭಾನುವಾರ ಬೆಳಿಗ್ಗೆ ನಾನೇ ಇನ್ಸುಲೇಷನ್ ಅಳೆಯುವ ಮೆಗ್ಗರ್ ಹಿಡಿದುಕೊಂಡು ಬರುತ್ತೇನೆ. ಅಲ್ಲಿಯವರೆಗೆ ಯಾರಿಗೂ ಆ ಡಿಬಿ ಮುಟ್ಟಲು ಬಿಡಬೇಡ.