ಸಾರಲೇಖದ ರಚನೆ: ಕ್ಷಯರೋಗ ಸಮ್ಮೇಳನಗಳಿಗೆ ಸಂಶೋಧನೆಯ ಸಂಕ್ಷೇಪವನ್ನು ಸಲ್ಲಿಸುವ ಕ್ರಮ

ಕ್ಷಯವು ಅತಿ ಪ್ರಾಚೀನ ಕಾಲದಿಂದಲೂ ಮಾನವಕುಲವನ್ನು ಪೀಡಿಸುತ್ತ ಬಂದಿರುವ ವ್ಯಾಧಿ. ಆದರೆ ಅದರ ಕಾರಣವು ನಿಸ್ಸಂದಿಗ್ಧವಾಗಿ ತಿಳಿದುಬಂದುದು 1882ರಲ್ಲಿ. ಆ ವರ್ಷದ ಮಾರ್ಚ್ 24ರಂದು ಬರ್ಲಿನ್ ನಗರದ ಶರೀರಕ್ರಿಯಾ ವಿಜ್ಞಾನ ಸಂಘದ ಸಭೆಯಲ್ಲಿ ರಾಬರ್ಟ್ ಕಾಕ್ ಎಂಬ ವೈದ್ಯವಿಜ್ಞಾನಿಯು ಕ್ಷಯದ ಸೂಕ್ಷ್ಮಾಣುವನ್ನು ತಾನು ಕಂಡುಹಿಡಿದ ಬಗೆಯನ್ನು ನಿರೂಪಿಸಿದನು. ಕೇಳುಗರು ಸ್ವತಃ ಕಣ್ಣಾರೆ ಕಂಡು ಪರೀಕ್ಷಿಸಲೆಂದು ಸೂಕ್ಷ್ಮದರ್ಶಕಗಳನ್ನೂ ಮಾದರಿಗಳನ್ನೂ ಸಭೆಗೇ ತಂದಿರಿಸಿದ್ದನು. ಇಂದು ಜಗತ್ತಿನಾದ್ಯಂತ ಮಾರ್ಚ್ 24 ಕ್ಷಯರೋಗ ದಿನವಾಗಿ ಆಚರಿಸಲ್ಪಡುತ್ತಿರುವುದು ಆ ಉಪನ್ಯಾಸದ ಸ್ಮರಣಾರ್ಥವಾಗಿಯೇ. ಸಂಶೋಧಕನು ಕಂಡುದನ್ನು ಸಹವೃತ್ತಿಯವರ ಮುಂದಿಟ್ಟು, ಅವರ ಪ್ರಶ್ನೆಗಳಿಗೆ ಒಡ್ಡಿದಾಗಲಷ್ಟೇ ಅದು ವಿಜ್ಞಾನದ ಸೊತ್ತಾಗುತ್ತದೆ.

ಈಗಲೂ ಈ ವ್ಯಾಧಿ ಹಿಂದಿನ ಕಥೆಯಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 8 ಲಕ್ಷ ಜನರು ಕ್ಷಯಕ್ಕೆ ತುತ್ತಾದರು, ಸುಮಾರು 12.5 ಲಕ್ಷ ಜನರು ಮರಣ ಹೊಂದಿದರು. ರೋಗಕ್ಕೆ ತುತ್ತಾದವರಲ್ಲಿ ಕಾಲುಭಾಗಕ್ಕಿಂತ ಹೆಚ್ಚಿನವರು ಭಾರತೀಯರು. ಆದುದರಿಂದ ಕ್ಷಯವನ್ನು ಕುರಿತ ಜ್ಞಾನವು ಹೆಚ್ಚಾಗಿ ಹುಟ್ಟಬೇಕಾದ ಸ್ಥಳವೂ ನಮ್ಮ ದೇಶದ ತಾಲ್ಲೂಕು ಆಸ್ಪತ್ರೆಗಳು, ಪ್ರಾಥಮಿಕ ಆರೋಗ್ಯ ಕೇಂದ್ರಗಳು, ಕಫ ಪರೀಕ್ಷಾಲಯಗಳು. ಅಲ್ಲಿ ದುಡಿಯುವವರು ದಿನವೂ ನೋಡುವ ಸಂಗತಿಗಳಲ್ಲಿ ಬಹುಪಾಲು ದಾಖಲೆಯ ಪುಸ್ತಕಗಳಲ್ಲಿಯೇ ಉಳಿದುಹೋಗುತ್ತವೆ. ಅವು ಹೊರಗೆ ಬರಲು ಇರುವ ಮೊದಲ ಬಾಗಿಲೇ ಸಮ್ಮೇಳನಕ್ಕೆ ಕಳುಹಿಸುವ ಸಾರಲೇಖ.

ಸಾರಲೇಖವೆಂದರೆ ನಡೆಸಿದ ಅಧ್ಯಯನವೊಂದರ ಸಂಕ್ಷಿಪ್ತ ನಿರೂಪಣೆ. ಸಾಮಾನ್ಯವಾಗಿ ಅದರ ಮಿತಿ 250ರಿಂದ 300 ಪದಗಳು. 1920ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಕ್ಷಯರೋಗ ವಿರೋಧಿ ಒಕ್ಕೂಟವು ನಡೆಸುವ ಶ್ವಾಸಕೋಶ ಆರೋಗ್ಯದ ವಿಶ್ವ ಸಮ್ಮೇಳನವು ಈ ಕ್ಷೇತ್ರದಲ್ಲಿ ಪ್ರಮುಖವಾದುದು. 2019ರಲ್ಲಿ ಅದು ಹೈದರಾಬಾದಿನಲ್ಲಿ ನೆರೆದಿತ್ತು. ನಮ್ಮ ದೇಶದಲ್ಲಿ 1939ರಲ್ಲಿ ಸ್ಥಾಪಿತವಾದ ಭಾರತ ಕ್ಷಯರೋಗ ಸಂಘದ ರಾಷ್ಟ್ರೀಯ ಸಮ್ಮೇಳನವೂ ಉಂಟು. ಸಮ್ಮೇಳನಕ್ಕೆ ಅನೇಕ ತಿಂಗಳು ಮೊದಲೇ ಆಹ್ವಾನ ಪ್ರಕಟವಾಗುತ್ತದೆ. ಕೊನೆಯ ದಿನಾಂಕ ಮೀರಿದ ಲೇಖವನ್ನು ಎಂತಹ ಹಿರಿಯರದೇ ಆದರೂ ಸ್ವೀಕರಿಸುವ ಪದ್ಧತಿ ಇಲ್ಲ. ಲೇಖವು ಹಿನ್ನೆಲೆ, ವಿಧಾನ, ಫಲಿತಾಂಶ, ತೀರ್ಮಾನ ಎಂಬ ನಾಲ್ಕು ಅಂಗಗಳಲ್ಲಿರಬೇಕೆಂಬುದು ಈಗ ಬಹುಮಟ್ಟಿಗೆ ಸರ್ವಸಮ್ಮತವಾದ ಕ್ರಮ.

ಹಿನ್ನೆಲೆಯ ಭಾಗದಲ್ಲಿ ಹೊಸಬರು ಮಾಡುವ ದೋಷವೊಂದೇ: ಕ್ಷಯವು ಭಯಂಕರವಾದ ರೋಗವೆಂದು ಆರಂಭಿಸಿ, ಮಿತಿಯ ಮೂರನೆಯ ಒಂದು ಪಾಲನ್ನು ಎಲ್ಲರಿಗೂ ತಿಳಿದ ಸಂಗತಿಗೆ ವ್ಯಯಿಸುವುದು. ಪರಿಶೀಲಕನಿಗೆ ಅದು ಬೇಡ. ಅವನಿಗೆ ಬೇಕಾದುದು ಪ್ರಶ್ನೆ. ಒಳ್ಳೆಯ ಪ್ರಶ್ನೆ ಎಂತಹುದು ಎಂಬುದಕ್ಕೆ ನಮ್ಮ ನಾಡಿನಲ್ಲಿಯೇ ಉತ್ತಮ ನಿದರ್ಶನವಿದೆ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪಿತವಾಯಿತು. ಹಳ್ಳಿಗರು ಅಜ್ಞಾನಿಗಳು, ರೋಗಲಕ್ಷಣಗಳನ್ನು ಲೆಕ್ಕಿಸುವವರಲ್ಲ, ಆದುದರಿಂದ ಮನೆಮನೆಗೆ ಹೋಗಿ ರೋಗಿಗಳನ್ನು ಹುಡುಕದೆ ಗತ್ಯಂತರವಿಲ್ಲ ಎಂಬ ಭಾವನೆ ಆಗ ಬಲವಾಗಿತ್ತು. ಇದು ದಿಟವೇ ಎಂದು ಕೇಳಿದವರು ಆ ಸಂಸ್ಥೆಯ ಡಾ. ಬ್ಯಾನರ್ಜಿ ಮತ್ತು ಡಾ. ಆಂಡರ್ಸನ್. ತುಮಕೂರು ಜಿಲ್ಲೆಯ ಗ್ರಾಮಗಳಲ್ಲಿ ನಡೆದ ಅವರ ಅಧ್ಯಯನವು 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಶ್ವಾಸಕೋಶದ ಕ್ಷಯವಿದ್ದವರಲ್ಲಿ ಬಹುಪಾಲಿನವರಿಗೆ ತಮ್ಮ ಲಕ್ಷಣಗಳ ಅರಿವಿತ್ತು. ಅರ್ಧಕ್ಕಿಂತ ಹೆಚ್ಚಿನವರು ಅದಾಗಲೇ ಆಸ್ಪತ್ರೆಯ ಬಾಗಿಲು ತಟ್ಟಿದ್ದರು. ಬಂದವರನ್ನು ಗುರುತಿಸದೆ ಕೆಮ್ಮಿನ ಔಷಧಿಯನ್ನು ಕೊಟ್ಟು ಕಳುಹಿಸಿದ ದೋಷ ವ್ಯವಸ್ಥೆಯದಾಗಿತ್ತು. ಸಾಮಾನ್ಯ ಆಸ್ಪತ್ರೆಗಳಲ್ಲಿಯೇ ಕಫ ಪರೀಕ್ಷೆಯೂ ಚಿಕಿತ್ಸೆಯೂ ದೊರೆಯಬೇಕೆಂಬ ರಾಷ್ಟ್ರೀಯ ಕಾರ್ಯಕ್ರಮದ ನೀತಿಗೆ ಇಂತಹ ಅಧ್ಯಯನಗಳು ಆಧಾರವಾದುವು. ಹಳ್ಳಿಯ ಬಡವನ ಮೇಲೆ ಹೊರಿಸಿದ್ದ ಅಪವಾದವು ಒಂದು ಪ್ರಶ್ನೆಯಿಂದ ಕಳಚಿಬಿದ್ದಿತು. ಇಷ್ಟನ್ನು ಹಿನ್ನೆಲೆಯಾಗಿ ಬರೆಯಬೇಕಾದರೆ ಎರಡು ವಾಕ್ಯಗಳು ಸಾಕು: ಜನರು ಹೀಗೆಂದು ನಂಬಿದ್ದಾರೆ, ಅದನ್ನು ಯಾರೂ ಅಳೆದು ನೋಡಿಲ್ಲ.

ವಿಧಾನದ ಭಾಗವು ಎಲ್ಲಿ, ಯಾವಾಗ, ಯಾರನ್ನು, ಹೇಗೆ ಎಂಬ ನಾಲ್ಕಕ್ಕೆ ಉತ್ತರ ಕೊಡಬೇಕು. ಎಣಿಸಿದವರು ಯಾರು, ಬಿಟ್ಟವರು ಯಾರು ಎಂಬುದು ಸ್ಪಷ್ಟವಾಗಬೇಕು. ಹೋಲಿಕೆಯ ಗುಂಪು ಇದ್ದಲ್ಲಿ ಅದನ್ನು ಆರಿಸಿದ ಬಗೆಯನ್ನು ಮುಚ್ಚಿಡಬಾರದು. 1948ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿಯು ಪ್ರಕಟಿಸಿದ ಸ್ಟ್ರೆಪ್ಟೋಮೈಸಿನ್ ಪರೀಕ್ಷೆ ಈ ವಿಷಯದಲ್ಲಿ ಇಂದಿಗೂ ಪಾಠಯೋಗ್ಯ. 107 ರೋಗಿಗಳಲ್ಲಿ ಯಾರಿಗೆ ಔಷಧಿ, ಯಾರಿಗೆ ಕೇವಲ ವಿಶ್ರಾಂತಿ ಎಂಬುದನ್ನು ವೈದ್ಯರ ಇಚ್ಛೆಗೆ ಬಿಡದೆ, ಮುದ್ರೆಯೊತ್ತಿದ ಲಕೋಟೆಗಳ ಮೂಲಕ ಯಾದೃಚ್ಛಿಕವಾಗಿ ನಿರ್ಣಯಿಸಲಾಗಿತ್ತು. ಆರು ತಿಂಗಳಲ್ಲಿ ಔಷಧಿ ಪಡೆದ 55 ಮಂದಿಯಲ್ಲಿ 4 ಮಂದಿ, ವಿಶ್ರಾಂತಿಯಲ್ಲಿದ್ದ 52 ಮಂದಿಯಲ್ಲಿ 14 ಮಂದಿ ಮೃತರಾದರು. ಇಲ್ಲಿ ವಿಶೇಷಣಗಳೇ ಇಲ್ಲ; ನಾಲ್ಕು ಸಂಖ್ಯೆಗಳೇ ಎಲ್ಲವನ್ನೂ ಹೇಳುತ್ತವೆ.

ಫಲಿತಾಂಶವೇ ಸಾರಲೇಖದ ಜೀವ. ಅತ್ಯಂತ ಹೆಚ್ಚಿನ ಲೇಖಗಳು ಸೋಲುವುದೂ ಇಲ್ಲಿಯೇ. ‘ಫಲಿತಾಂಶಗಳನ್ನು ಸಮ್ಮೇಳನದಲ್ಲಿ ಚರ್ಚಿಸಲಾಗುವುದು’ ಎಂದು ಬರೆದು ಕಳುಹಿಸುವವರು ಇಂದಿಗೂ ಇದ್ದಾರೆ. ಅದು ಊಟಕ್ಕೆ ಕರೆದು ಎಲೆಯನ್ನು ಮಾತ್ರ ಹಾಸಿದಂತೆ. ಇನ್ನು ಕೆಲವರು ಶೇಕಡಾವಾರು ಸಂಖ್ಯೆಯನ್ನು ಮಾತ್ರ ಕೊಟ್ಟು ಒಟ್ಟು ಸಂಖ್ಯೆಯನ್ನು ಹೇಳುವುದಿಲ್ಲ. ‘ಶೇಕಡಾ 75 ಮಂದಿ ಗುಣಹೊಂದಿದರು’ ಎಂಬ ವಾಕ್ಯದ ಹಿಂದೆ 800 ಜನರಲ್ಲಿ 600 ಮಂದಿಯೂ ಇರಬಹುದು, 8 ಜನರಲ್ಲಿ 6 ಮಂದಿಯೂ ಇರಬಹುದು. ಈ ಎರಡರ ಬೆಲೆ ಒಂದೇ ಅಲ್ಲವೆಂಬುದನ್ನು ಗಣಿತದ ಅಧ್ಯಾಪಕರಿಗೆ ವಿವರಿಸಬೇಕಾಗಿಲ್ಲ. ಚಿಕಿತ್ಸೆಯನ್ನು ನಡುವೆ ಬಿಟ್ಟವರನ್ನು ಲೆಕ್ಕದಿಂದ ತೆಗೆದುಹಾಕಿ, ಉಳಿದವರಲ್ಲಿ ಗುಣವಾದವರ ಪ್ರಮಾಣವನ್ನು ತೋರಿಸುವುದು ಇನ್ನೂ ಗುರುತರವಾದ ದೋಷ. ಬಿಟ್ಟುಹೋದವರೇ ಎಷ್ಟೋ ವೇಳೆ ಅಧ್ಯಯನದ ಮುಖ್ಯ ಸಂಗತಿಯಾಗಿರುತ್ತಾರೆ.

ಈಚಿನ ನಿದರ್ಶನವಾಗಿ ಜಾರ್ಖಂಡದ ಪೌಷ್ಟಿಕ ಆಹಾರದ ಅಧ್ಯಯನವನ್ನು ಗಮನಿಸಬಹುದು. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಆ ರಾಜ್ಯದ ನಾಲ್ಕು ಜಿಲ್ಲೆಗಳಲ್ಲಿ ನಡೆಸಿದ ಈ ಅಧ್ಯಯನದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದವರು 2,800 ರೋಗಿಗಳು, ಅವರ ಮನೆಗಳ 10,345 ಜನರು. ಎಲ್ಲ ರೋಗಿಗಳಿಗೂ ಆಹಾರ ಸಾಮಗ್ರಿ ದೊರೆಯಿತು; ಒಂದು ಪಂಗಡದಲ್ಲಿ ಮನೆಯವರಿಗೂ ದೊರೆಯಿತು. ಮನೆಯವರೂ ಆಹಾರ ಪಡೆದ ಪಂಗಡದಲ್ಲಿ ಅವರಿಗೆ ಹೊಸದಾಗಿ ಕ್ಷಯ ತಗಲುವುದು ಶೇಕಡಾ 39ರಷ್ಟು, ಪರೀಕ್ಷೆಯಿಂದ ದೃಢಪಟ್ಟ ಸಾಂಕ್ರಾಮಿಕ ಸ್ವರೂಪದ ಕ್ಷಯವು ಶೇಕಡಾ 48ರಷ್ಟು ಕಡಿಮೆಯಾಯಿತು. ಹಸಿವಿಗೂ ಕ್ಷಯಕ್ಕೂ ಇರುವ ನಂಟನ್ನು ಅನ್ನದಾನದ ಮಹಿಮೆ ಬಲ್ಲ ಜನ ಹಿಂದಿನಿಂದಲೂ ಊಹಿಸಿರಬಹುದು. ಆದರೆ ಊಹೆಯು ಸರಕಾರದ ಖಜಾನೆಯ ಬೀಗವನ್ನು ತೆರೆಯುವುದಿಲ್ಲ. ಅಳೆದು ತೋರಿಸಿದ ಸಂಖ್ಯೆಗೆ ಆ ಶಕ್ತಿ ಉಂಟು.

ತೀರ್ಮಾನವು ಫಲಿತಾಂಶದ ಗಡಿಯನ್ನು ದಾಟಬಾರದು. ಒಂದು ತಾಲ್ಲೂಕಿನಲ್ಲಿ ಕಂಡುದನ್ನು ಇಡೀ ದೇಶಕ್ಕೆ ಅನ್ವಯಿಸುವುದು ಸಲ್ಲದು. ಮೇಲೆ ಹೇಳಿದ ಸ್ಟ್ರೆಪ್ಟೋಮೈಸಿನ್ ಪರೀಕ್ಷೆಯಲ್ಲಿಯೇ ಅನೇಕ ರೋಗಿಗಳ ಸೂಕ್ಷ್ಮಾಣುಗಳು ಔಷಧಿಗೆ ಮಣಿಯದಂತಾದುದು ಕಂಡುಬಂದಿತು. ಅದನ್ನು ಸಂಶೋಧಕರು ಮರೆಮಾಚಲಿಲ್ಲ. ಆ ಪ್ರಾಮಾಣಿಕತೆಯಿಂದಲೇ ಒಂದೇ ಔಷಧಿಯ ಬದಲು ಹಲವನ್ನು ಕೂಡಿಸಿ ಕೊಡುವ ಇಂದಿನ ಪದ್ಧತಿಗೆ ದಾರಿಯಾಯಿತು. ನಿರೀಕ್ಷಿಸಿದ ಫಲ ದೊರೆಯದ ಅಧ್ಯಯನವೂ ಸಲ್ಲಿಕೆಗೆ ಯೋಗ್ಯವೆಂಬುದನ್ನು ನಮ್ಮಲ್ಲಿ ಬಹುಮಂದಿ ಮರೆಯುತ್ತಾರೆ.

ಭಾಷೆಯ ವಿಚಾರದಲ್ಲಿಯೂ ಎಚ್ಚರ ಅಗತ್ಯ. ಪರೀಕ್ಷೆಗೆ ಬಂದವರನ್ನು ‘ಶಂಕಿತರು’ ಎಂದೂ, ಚಿಕಿತ್ಸೆ ಬಿಟ್ಟವರನ್ನು ‘ತಪ್ಪಿತಸ್ಥರು’ ಎಂಬ ಅರ್ಥ ಬರುವ ಪದದಿಂದಲೂ ಕರೆಯುವ ರೂಢಿ ಹಿಂದೆ ಇತ್ತು. ಅವು ನ್ಯಾಯಾಲಯದ ಮಾತುಗಳೇ ಹೊರತು ಆಸ್ಪತ್ರೆಯ ಮಾತುಗಳಲ್ಲ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ತನ್ನ ಪರಿಭಾಷೆಯಿಂದ ಅವನ್ನು ಕೈಬಿಟ್ಟಿತು. ದಿನಗೂಲಿಯನ್ನು ಕಳೆದುಕೊಂಡು ಮೈಲುಗಟ್ಟಲೆ ನಡೆದು ಔಷಧಿಗೆ ಬರಲಾರದವಳನ್ನು ಅಪರಾಧಿಯಂತೆ ಹೆಸರಿಸುವ ಲೇಖವು ಇಂದು ಪರಿಶೀಲಕರ ಮುಂದೆ ನಿಲ್ಲುವುದು ಕಷ್ಟ.

ಸಲ್ಲಿಸುವ ಮುನ್ನ ಕೆಲವು ಕರ್ತವ್ಯಗಳು ಉಳಿದಿರುತ್ತವೆ. ಮನುಷ್ಯರನ್ನು ಕುರಿತ ಅಧ್ಯಯನಕ್ಕೆ ನೀತಿ ಸಮಿತಿಯ ಅನುಮತಿ ಆರಂಭದಲ್ಲಿಯೇ ಪಡೆದಿರಬೇಕು. ಆಮೇಲೆ ಓಡಾಡಿ ಪಡೆಯುವಂತಹುದಲ್ಲ. ರೋಗಿಯ ಗುರುತು ತಿಳಿಯುವ ಯಾವ ವಿವರವೂ ಇರಕೂಡದು. ಸಹಲೇಖಕರೆಲ್ಲರೂ ಓದಿ ಒಪ್ಪಿರಬೇಕು. ಕಫದ ಲೋಟಗಳನ್ನು ಹೊತ್ತ ಪ್ರಯೋಗಾಲಯದ ಸಹಾಯಕನೂ ಮನೆಮನೆ ಸುತ್ತಿದ ಆರೋಗ್ಯ ಕಾರ್ಯಕರ್ತೆಯೂ ಅಧ್ಯಯನದ ಯೋಜನೆಯಲ್ಲಿ ಮತ್ತು ಬರವಣಿಗೆಯಲ್ಲಿ ಪಾಲ್ಗೊಂಡಿದ್ದರೆ ಅವರ ಹೆಸರು ಸೇರಬೇಕಾದುದು ನ್ಯಾಯ. ಕೆಲಸ ಮಾಡದ ಮೇಲಧಿಕಾರಿಯ ಹೆಸರನ್ನು ಗೌರವಾರ್ಥವಾಗಿ ಸೇರಿಸುವುದು ಸಲ್ಲದು. ಅನೇಕ ಸಮ್ಮೇಳನಗಳಲ್ಲಿ ಲೇಖಕರ ಹೆಸರು, ಸಂಸ್ಥೆ ಮರೆಯಾಗಿಯೇ ಪರಿಶೀಲನೆ ನಡೆಯುತ್ತದೆ. ಹೀಗಾಗಿ ದೊಡ್ಡ ಸಂಸ್ಥೆಯ ಪ್ರಾಧ್ಯಾಪಕನ ಲೇಖವೂ ದೂರದ ತಾಲ್ಲೂಕಿನ ವೈದ್ಯೆಯ ಲೇಖವೂ ಒಂದೇ ತಕ್ಕಡಿಯಲ್ಲಿ ತೂಗಲ್ಪಡುತ್ತವೆ.

ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಲೇಖವು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರಬೇಕಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಇದಕ್ಕೆ ಹಿಂಜರಿಯುವುದುಂಟು. ಮೊದಲು ಕನ್ನಡದಲ್ಲಿ ಪ್ರಶ್ನೆಯನ್ನೂ ಉತ್ತರವನ್ನೂ ಒಂದೊಂದು ವಾಕ್ಯದಲ್ಲಿ ಬರೆದುಕೊಂಡು, ಅನಂತರ ಸರಳವಾದ ಇಂಗ್ಲಿಷಿಗೆ ಇಳಿಸುವುದು ಸುಗಮ. ವಿಚಾರ ತಿಳಿಯಾಗಿದ್ದರೆ ಚಿಕ್ಕ ವಾಕ್ಯಗಳೇ ಶ್ರೇಷ್ಠ. ಕ್ಷಯದ ಪರಿಚಯವಿಲ್ಲದ ಸಹೋದ್ಯೋಗಿಯೊಬ್ಬರಿಗೆ ಓದಿಸಿ, ಅವರಿಗೆ ಎಲ್ಲಿ ತೊಡಕಾಯಿತೋ ಅಲ್ಲಿ ತಿದ್ದುವುದು ಉತ್ತಮವಾದ ಪರೀಕ್ಷೆ.

ಸ್ವೀಕೃತವಾದ ಲೇಖಗಳಲ್ಲಿ ಕೆಲವಕ್ಕೆ ವೇದಿಕೆಯ ಮೇಲೆ ಕೆಲವೇ ನಿಮಿಷಗಳ ಭಾಷಣಾವಕಾಶ, ಉಳಿದುವಕ್ಕೆ ಭಿತ್ತಿಪತ್ರದ ಪ್ರದರ್ಶನ. ಭಿತ್ತಿಪತ್ರವು ಕೀಳೆಂಬ ಭಾವನೆ ಸರಿಯಲ್ಲ. ಅದರ ಮುಂದೆ ನಿಂತು ಮಾತನಾಡಿಸುವವರು ಆ ವಿಷಯದಲ್ಲಿಯೇ ದುಡಿಯುವವರಾಗಿರುತ್ತಾರೆ. ಪ್ರಯಾಣದ ನೆರವಿಗೆ ಪ್ರತ್ಯೇಕ ಅರ್ಜಿ ಕರೆಯುವ ಸಮ್ಮೇಳನಗಳೂ ಇವೆ. ಅದರ ಕೊನೆಯ ದಿನಾಂಕವು ಲೇಖದ ದಿನಾಂಕಕ್ಕಿಂತ ಬೇರೆಯಾಗಿರಬಹುದಾದುದರಿಂದ ಎರಡನ್ನೂ ಮೊದಲೇ ಗುರುತು ಮಾಡಿಟ್ಟುಕೊಳ್ಳಬೇಕು. ರಜೆಯ ಮಂಜೂರಾತಿಗೂ ನೆರವಿನ ಅರ್ಜಿಗೂ ಸ್ವೀಕೃತಿಪತ್ರವೇ ಆಧಾರವಾಗುವುದರಿಂದ ಅದರ ಪ್ರತಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.