ಕೊನೆಯ ಪಂಕ್ತಿಯ ಲೆಕ್ಕ

ಮುಯ್ಯಿ ಪುಸ್ತಕ ಬರೆದಿಡುವುದು ಕೋರ್ಟಿಗಾಗಿ ಅಲ್ಲ. ಯಾರು ಎಷ್ಟು ಮಾಡಿದರು, ನಾಳೆ ಅವರ ಮನೆಯ ಕಾರ್ಯಕ್ಕೆ ನಾವೆಷ್ಟು ಮಾಡಬೇಕು ಎಂಬ ನೆನಪಿಗೆ. ಹಾಸನದಲ್ಲಿ ಅಣ್ಣನ ಮನೆಯ ಗೃಹಪ್ರವೇಶವಾದ ಮಾರನೆಯ ದಿನ ಅತ್ತಿಗೆ ಅದೇ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಒಬ್ಬೊಬ್ಬರಿಗೇ ಫೋನ್ ಮಾಡುತ್ತಿದ್ದರು. "ನಿಮಗೇನಾದ್ರೂ ಆಯ್ತಾ? ಊಟಕ್ಕೆ ಎಷ್ಟನೇ ಪಂಕ್ತೀಲಿ ಕೂತಿದ್ರಿ?" ಉತ್ತರ ಬಂದಂತೆ ಹೆಸರಿನ ಮುಂದೆ ಪೆನ್ಸಿಲ್ಲಿನಲ್ಲಿ ಒಂದು ಗುರುತು. ಸಂಜೆಯ ಹೊತ್ತಿಗೆ ಪುಟಗಳು ತಾವಾಗಿಯೇ ಮಾತಾಡತೊಡಗಿದವು. ವಾಂತಿ ಭೇದಿ ಆದವರು ಹೆಚ್ಚುಕಡಿಮೆ ಎಲ್ಲರೂ ಕೊನೆಯ ಎರಡು ಪಂಕ್ತಿಯವರು.

ಅಡುಗೆ ಗುತ್ತಿಗೆ ಹಿಡಿದಿದ್ದವರ ವಾದ ಎಲ್ಲರೂ ಹೇಳುವಂಥದ್ದೇ. "170 ಎಲೆ ಹಾಕಿದ್ದೀವಿ ಸಾರ್. ಹತ್ತಿಪ್ಪತ್ತು ಜನಕ್ಕೆ ಹೊಟ್ಟೆ ಕೆಟ್ಟರೆ ಅದು ನಮ್ಮ ಊಟದ್ದು ಅಂತ ಹೇಗೆ ಹೇಳ್ತೀರಿ?" ಅದಕ್ಕೆ ಸರಿಯಾದ ಉತ್ತರ ಅತ್ತಿಗೆಯ ಪೆನ್ಸಿಲ್ ಗುರುತುಗಳಲ್ಲಿತ್ತು. ಬೆಳಗಿನ ಜಾವ ಮಾಡಿ ದೊಡ್ಡ ಪಾತ್ರೆಯಲ್ಲಿ ಮುಚ್ಚಿಟ್ಟ ಪಲಾವ್ ಮಧ್ಯಾಹ್ನ ಮೂರರವರೆಗೆ ಉಗುರುಬೆಚ್ಚಗೆ ಕೂತಿತ್ತು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳಿರುತ್ತವೆ. ಬೇಯಿಸಿದರೂ ಅವು ಸಾಯುವುದಿಲ್ಲ. ಅನ್ನ ನಿಧಾನವಾಗಿ ಆರುತ್ತಾ ಕೂತರೆ ಮೊಳೆತು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಉಂಡು ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ. ನಮ್ಮವರಿಗೆ ಆದದ್ದು ಇದೇ ಎಂದು ಆಣೆ ಮಾಡಿ ಹೇಳಲಾರೆ, ಆದರೆ ಹೊತ್ತು ಹೊಂದುತ್ತಿತ್ತು, ಪಂಕ್ತಿಯೂ ಹೊಂದುತ್ತಿತ್ತು.

ಹೊತ್ತಿನ ಲೆಕ್ಕ ಏಕೆ ಮುಖ್ಯವೆಂದರೆ, ಹೊಟ್ಟೆ ಕೆಟ್ಟಾಗ ನಾವು ಕೊನೆಗೆ ತಿಂದದ್ದನ್ನೇ ಬೈಯುತ್ತೇವೆ. ಸಾಲ್ಮೊನೆಲ್ಲಾ ತಲೆ ಎತ್ತಲು ಒಂದೆರಡು ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು ತೆಗೆದುಕೊಳ್ಳುತ್ತದೆ. ಟೈಫಾಯ್ಡ್ ಆದರೆ ವಾರಗಳು. ಪರಿಹಾರ ಕೇಳುವಾಗ ಜಗಳ ನಡೆಯುವುದು ಮೊತ್ತದ ಮೇಲೆ ಎಂದು ಜನ ತಿಳಿದಿದ್ದಾರೆ. ಅಲ್ಲ, "ಈ ಊಟದಿಂದಲೇ ಆಯಿತೇ" ಎಂಬ ಒಂದೇ ಪ್ರಶ್ನೆಯ ಮೇಲೆ ಮುಕ್ಕಾಲು ಪಾಲು ದೂರುಗಳು ನಿಲ್ಲುತ್ತವೆ ಅಥವಾ ಬೀಳುತ್ತವೆ ಎಂಬುದು ನನ್ನ ಅಂದಾಜು.

ದೊಡ್ಡಪ್ಪನವರಿಗೆ ಪರಿಹಾರ ಕೇಳುವ ಮಾತೇ ಹಿಡಿಸಲಿಲ್ಲ. "ನೆಂಟರ ಮನೇಲಿ ಉಂಡು ದುಡ್ಡು ಕೇಳೋದಾ? ಅವರೇನು ಎಲೆಗೆ ಕಾಸು ಕೊಟ್ಟಿದ್ರಾ?" ಮರ್ಯಾದೆಯ ಪ್ರಶ್ನೆ ಬೇರೆ. ಕಾನೂನಿನ ಪ್ರಶ್ನೆಗಾದರೆ ಉತ್ತರವಿದೆ. 1928ರಲ್ಲಿ ಸ್ಕಾಟ್ಲೆಂಡಿನ ಪೇಯ್ಸ್ಲಿ ಊರಿನಲ್ಲಿ ಮೇ ಡೊನಹ್ಯೂ ಎಂಬಾಕೆ ಗೆಳತಿ ಕೊಡಿಸಿದ ಶುಂಠಿ ಪಾನೀಯ ಕುಡಿದಳು. ಶೀಶೆಯ ತಳದಲ್ಲಿ ಕೊಳೆತ ಬಸವನಹುಳು ಬಂತು, ಹೊಟ್ಟೆ ಕೆಟ್ಟಿತು ಎಂದು ತಯಾರಕನ ಮೇಲೆ ದಾವೆ ಹೂಡಿದಳು. ಕಾಸು ಕೊಟ್ಟವಳು ಗೆಳತಿ, ಕುಡಿದವಳು ಇವಳು. ಹಾಗಿದ್ದರೂ ತಯಾರಕನಿಗೆ ಕುಡಿಯುವವರ ಬಗ್ಗೆ ಹೊಣೆ ಇದೆ ಎಂದು 1932ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಹೇಳಿತು. ತಮಾಷೆಯೆಂದರೆ ಆಮೇಲೆ ರಾಜಿಯಾಗಿ, ಆ ಬಸವನಹುಳು ನಿಜಕ್ಕೂ ಇತ್ತೋ ಇಲ್ಲವೋ ಎಂಬುದು ಕೋರ್ಟಿನಲ್ಲಿ ಸಾಬೀತಾಗಲೇ ಇಲ್ಲ. ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದನ್ನು ಇನ್ನೂ ಸರಳ ಮಾಡಿದೆ. ಹಣ ಕೊಟ್ಟವರ ಒಪ್ಪಿಗೆಯಿಂದ ಸೇವೆ ಪಡೆದವರೂ ಗ್ರಾಹಕರೇ. ಅಂದರೆ ಅಣ್ಣ ಕರೆದು ಉಣ್ಣಿಸಿದ ನೆಂಟರೆಲ್ಲ.

ದೂರು ಎರಡು ಕಡೆ ಕೊಡಬಹುದು. 2006ರ ಆಹಾರ ಸುರಕ್ಷತೆ ಕಾಯ್ದೆಯ 65ನೇ ಕಲಮಿನಲ್ಲಿ ಪರಿಹಾರದ ದರವೇ ಬರೆದಿದೆ. ಪ್ರಾಣ ಹೋದರೆ ಕನಿಷ್ಠ 5 ಲಕ್ಷ, ಗಂಭೀರ ಹಾನಿಯಾದರೆ ಗರಿಷ್ಠ 3 ಲಕ್ಷ, ಉಳಿದಂತೆ ಗರಿಷ್ಠ 1 ಲಕ್ಷ ರೂಪಾಯಿ. ಅದರ ದಾರಿ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಯಿಂದ ಶುರುವಾಗುತ್ತದೆ. ಅವರು ಬಂದು ಮಾದರಿ ತೆಗೆದುಕೊಳ್ಳಬೇಕಾದರೆ ಪಾತ್ರೆ ತೊಳೆಯುವ ಮೊದಲು ಫೋನ್ ಮಾಡಿರಬೇಕು. ಗಿರಾಕಿಯೇ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಲು 40ನೇ ಕಲಮು ಅವಕಾಶ ಕೊಡುತ್ತದೆ. ಆದರೆ ಹಾಗೆ ಮಾಡಿಸುತ್ತೇನೆಂದು ಕೊಳ್ಳುವಾಗಲೇ ಮಾರುವವನಿಗೆ ತಿಳಿಸಿರಬೇಕಂತೆ! ಹೋಳಿಗೆ ಬಡಿಸುವವನ ಕೈ ಹಿಡಿದು "ಇದನ್ನು ಪ್ರಯೋಗಾಲಯಕ್ಕೆ ಕಳಿಸುವವನಿದ್ದೇನೆ" ಎಂದು ಹೇಳುವ ನೆಂಟನನ್ನು ನಾನಂತೂ ನೋಡಿಲ್ಲ.

ಇನ್ನೊಂದು ದಾರಿ ಜಿಲ್ಲಾ ಗ್ರಾಹಕರ ಆಯೋಗ, ಜನ ಈಗಲೂ ಗ್ರಾಹಕರ ಕೋರ್ಟ್ ಅನ್ನುವುದು. ಕೊಂಡ ವಸ್ತು ಅಥವಾ ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರು ಇರಲೇಬೇಕೆಂದಿಲ್ಲ. ಎರಡು ವರ್ಷದೊಳಗೆ ಹಾಕಬೇಕು. ದೂರುದಾರ ವಾಸ ಮಾಡುವ ಊರಿನಲ್ಲೇ ಹಾಕಬಹುದು. ಕೋರ್ಟಿಗೆ ಹೋಗುವ ಮೊದಲು 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯವರು ಎದುರು ಪಕ್ಷದವರಿಗೆ ದೂರು ಮುಟ್ಟಿಸುತ್ತಾರೆ.

ಇಷ್ಟೆಲ್ಲ ಇದ್ದೂ ನಮ್ಮ ಕೈಯಲ್ಲಿ ಬಿಲ್ಲೇ ಇರಲಿಲ್ಲ. ಎಲೆಗೆ 260 ರೂಪಾಯಿಯಂತೆ 44,200. ಅದರಲ್ಲಿ 20 ಸಾವಿರ ಅಡ್ವಾನ್ಸ್, ಮಿಕ್ಕ 24,200 ಕೊಡುವುದು ಬಾಕಿ. ಮಾತೆಲ್ಲ ಬಾಯಲ್ಲೇ. ಬಿಲ್ ಕೊಡದಿರುವುದೂ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ, ಬಿಲ್ಲಿನ ಮೇಲೆ 14 ಅಂಕಿಯ ಆಹಾರ ಲೈಸೆನ್ಸ್ ಸಂಖ್ಯೆಯೂ ಇರಬೇಕು. ಅದೃಷ್ಟಕ್ಕೆ ಅಡ್ವಾನ್ಸ್ ಫೋನಿನಲ್ಲೇ ಹೋಗಿತ್ತು, "ಊಟದ ಬಾಬ್ತು" ಎಂದು ಅಣ್ಣ ಅದರಲ್ಲಿ ಒಂದು ಮಾತು ಬರೆದಿದ್ದ. ಅಡುಗೆಯವರು ಕಳಿಸಿದ್ದ ಪದಾರ್ಥಗಳ ಪಟ್ಟಿ ವಾಟ್ಸಾಪಿನಲ್ಲಿತ್ತು. ಅಷ್ಟು ಸಾಕಿತ್ತು.

ವೈದ್ಯರ ಚೀಟಿಗಳದ್ದು ಬೇರೆಯೇ ಕಥೆ. ಎಲ್ಲರ ಚೀಟಿಯಲ್ಲೂ ಗ್ಯಾಸ್ಟ್ರೋಎಂಟರೈಟಿಸ್ ಎಂಬ ಒಂದೇ ಶಬ್ದ, ಅದರಿಂದ ಹೊಟ್ಟೆ ಕೆಟ್ಟಿದೆ ಎಂದಷ್ಟೇ ಗೊತ್ತಾಗುತ್ತದೆ. "ಇಷ್ಟು ಹೊತ್ತಿಗೆ ಇಂಥ ಕಡೆ ಊಟ, ಇಷ್ಟು ಹೊತ್ತಿಗೆ ವಾಂತಿ ಶುರು" ಎಂದು ರೋಗಿ ಹೇಳಿದ್ದನ್ನು ಬರೆಯಿರಿ ಎಂದು ಕೇಳಿಕೊಂಡರೆ ಯಾವ ವೈದ್ಯರೂ ಬೇಡ ಅನ್ನುವುದಿಲ್ಲ. ಅದು ಕಾರಣದ ಪುರಾವೆಯಲ್ಲ, ಆದರೆ ಅವತ್ತೇ ಬರೆದದ್ದು ಎಂಬ ತೂಕ ಅದಕ್ಕಿದೆ. ಆ್ಯಂಟಿಬಯೋಟಿಕ್ ಶುರುವಾಗುವ ಮೊದಲು ಮಲಪರೀಕ್ಷೆಗೆ ಕೊಟ್ಟವರ ಕೈ ಇನ್ನೂ ಗಟ್ಟಿ. ನಮ್ಮಲ್ಲಿ ಹಾಗೆ ಮಾಡಿಸಿದವರು ಯಾರೂ ಇರಲಿಲ್ಲ. ಡ್ರಿಪ್ ಹಾಕಿಸಿಕೊಂಡು ಮನೆಗೆ ಹೋಗುವ ಅವಸರ ಎಲ್ಲರಿಗೂ. ಇನ್ನು ಬಿಲ್ಲಿನ ಮಾತಿಗೆ ಬಂದರೆ, ಊಟವನ್ನು ಆ್ಯಪಿನಲ್ಲಿ ತರಿಸಿಕೊಳ್ಳುವವರಿಗೆ ನಮ್ಮ ಕಷ್ಟವಿಲ್ಲ. ಆದರೆ ದೂರು ಕೊಟ್ಟ ಕೂಡಲೇ ಬರುವ ಕೂಪನ್ ಊಟದ ಬೆಲೆಗೆ ಮಾತ್ರ ಸಂಬಂಧಿಸಿದ್ದು ಎಂದು ಉತ್ತರದಲ್ಲೇ ಬರೆದು ತೆಗೆದುಕೊಳ್ಳಬೇಕು.

ಅಡುಗೆಯವರು ಕೊನೆಗೆ ಮಾತುಕತೆಗೆ ಬಂದರು. ಅವರೂ ಸಣ್ಣ ಮನುಷ್ಯರೇ, ಊರಿನಲ್ಲಿ ಹೆಸರು ಕೆಟ್ಟರೆ ಮುಂದಿನ ಲಗ್ನಸರಿ ಹೋಯಿತು. ರಾಜಿಗೆ ಒಪ್ಪುವವರಲ್ಲಿ ಬಿಲ್ ಇದ್ದವರ ಆಸ್ಪತ್ರೆ ಖರ್ಚು ಕೂಡಿಸಿದರೆ 18,400 ಬಂತು. "ಅದನ್ನು ಬಾಕಿಯಲ್ಲಿ ಹಿಡ್ಕೊಳ್ಳಿ, ಉಳಿದದ್ದು ಕೊಡಿ, ಕೇಸು ಗೀಸು ಬೇಡ" ಅಂದರು. ಅಣ್ಣ ಹೂಂ ಅನ್ನುವುದರಲ್ಲಿದ್ದ. ಆ ಲೆಕ್ಕದಲ್ಲಿ ಇಬ್ಬರ ಹೆಸರೇ ಇರಲಿಲ್ಲ. ಮನೆ ಕಟ್ಟಿದ ಗಾರೆ ಮೇಸ್ತ್ರಿ ಮತ್ತು ಜೊತೆಗೆ ಆಳಾಗಿ ಬರುವ ಅವರ ಹೆಂಡತಿ. ಬೆಳಿಗ್ಗೆ ಶಾಲು, ಸೀರೆ ಕೊಟ್ಟು ಉಪಚಾರ ಮಾಡಿದ್ದೆವು. ಊಟಕ್ಕೆ ಮಾತ್ರ ಅವರು ಯಾವಾಗಿನಂತೆ ನೆಂಟರೆಲ್ಲ ಎದ್ದ ಮೇಲೆ ಕೂತರು. ಮೆಡಿಕಲ್ ಶಾಪಿನಲ್ಲಿ ಹೇಳಿ ತಂದ ಮಾತ್ರೆ ನುಂಗಿ ಮೂರು ದಿನ ಮಲಗಿದ್ದರು. ಚೀಟಿ ಇಲ್ಲ, ಬಿಲ್ ಇಲ್ಲ, ಸಂಬಳದ ರಜೆಯೂ ಇಲ್ಲ. ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವರು ಅವರೇ. ತಿಂಗಳ ಸಂಬಳದ ನಮಗೆ ಹೋದದ್ದು ಒಂದೆರಡು ಸಿಕ್ ಲೀವು.

"ಕೂಲಿ ಎಷ್ಟು ಅನ್ನೋದಕ್ಕೆ ಏನು ದಾಖಲೆ?" ಎಂದು ಅಡುಗೆಯವರು ಕೇಳಿದ್ದು ತಪ್ಪಲ್ಲ, ಆಯೋಗದಲ್ಲೂ ಅದನ್ನೇ ಕೇಳುತ್ತಿದ್ದರು. ದಾಖಲೆ ಅಣ್ಣನ ಬೀರುವಿನಲ್ಲೇ ಇತ್ತು. ಮನೆ ಕಟ್ಟಿಸಿದಷ್ಟು ಕಾಲ ಶನಿವಾರ ಶನಿವಾರದ ಬಟವಾಡೆಯನ್ನು ಆತ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಿಸಿಕೊಂಡಿದ್ದ. ಮೇಸ್ತ್ರಿಗೆ ದಿನಕ್ಕೆ 1,000, ಹೆಂಡತಿಗೆ 600. ಮೂರು ದಿನಕ್ಕೆ 4,800. ಬಾಕಿಯಲ್ಲಿ ಇನ್ನುಳಿದದ್ದು ಒಂದು ಸಾವಿರ, ಅದನ್ನು ಅಡುಗೆಯವರಿಗೆ ಕೊಟ್ಟು ಕಳಿಸಿದೆವು. ರಾಜಿ ಪತ್ರ ಬರೆಯುವಾಗ ಒಂದು ಮಾತಿಗೆ ನಾನು ಪಟ್ಟು ಹಿಡಿದೆ. ಅಣ್ಣ ತನ್ನ ಪರವಾಗಿ ಮಾತ್ರ ಸಹಿ ಹಾಕಬೇಕು, ನೆಂಟರ ಹಕ್ಕನ್ನು ಬಿಟ್ಟುಕೊಡಲು ಆತನಿಗೆ ಅಧಿಕಾರವಿಲ್ಲ. ಹಣ ಪಡೆದವರು ಒಬ್ಬೊಬ್ಬರೇ ರಸೀದಿ ಬರೆದುಕೊಟ್ಟರು.

ರಸೀದಿ ಬರೆಯದೆ ಉಳಿದವನು ಬೆಂಗಳೂರಿನಲ್ಲಿರುವ ದೊಡ್ಡಪ್ಪನ ಮಗ. ದುಡ್ಡು ಕೇಳಿದ್ದಕ್ಕೆ ಅಪ್ಪ ನಮ್ಮನ್ನು ಬೈದರೂ ಮಗ ಮಾತ್ರ ರಾಜಿಗೆ ಒಪ್ಪಿಲ್ಲ. ಅವನ ಕಡತದಷ್ಟು ಚೊಕ್ಕಟ ಕಡತ ನಮ್ಮಲ್ಲಿ ಯಾರ ಹತ್ತಿರವೂ ಇಲ್ಲ. ಅವತ್ತು ರಾತ್ರಿ ಖಾಸಗಿ ಆಸ್ಪತ್ರೆಗೆ ಸೇರಿ ಬೆಳಿಗ್ಗೆ ಮನೆಗೆ ಬಂದಿದ್ದಾನೆ, 16,300 ರೂಪಾಯಿಯ ಬಿಲ್, ರಕ್ತಪರೀಕ್ಷೆ, ಡಿಸ್ಚಾರ್ಜ್ ಚೀಟಿ ಎಲ್ಲ ಇವೆ. 24 ಗಂಟೆ ಒಳರೋಗಿಯಾಗಿರಲಿಲ್ಲ ಎಂದು ವಿಮಾ ಕಂಪನಿ ಹಣ ಕೊಡಲಿಲ್ಲ. ಈಗ ಮಾನಸಿಕ ಯಾತನೆಗೆ 2 ಲಕ್ಷ ಸೇರಿಸಿ ಅಡುಗೆಯವರ ಮೇಲೆ ಬೆಂಗಳೂರಿನಲ್ಲೇ ದೂರು ಹಾಕುತ್ತೇನೆ ಅನ್ನುತ್ತಾನೆ. ಹಾಕಬಹುದು, ಶುಲ್ಕವೂ ಇಲ್ಲ. ಆದರೆ ಬೇಗ ಹೊರಡಬೇಕೆಂದು ಮೊದಲ ಪಂಕ್ತಿಯಲ್ಲೇ ಉಂಡವನು ಅವನು, ದಾರಿಯಲ್ಲಿ ಬೆಳ್ಳೂರು ಕ್ರಾಸಿನಲ್ಲಿ ಗಾಡಿ ನಿಲ್ಲಿಸಿ ವಡೆ ತಿಂದದ್ದನ್ನು ತಾನೇ ಹೇಳಿದ್ದಾನೆ. ಮುಯ್ಯಿ ಪುಸ್ತಕ ಆಯೋಗದ ಮುಂದೆ ಬಂದರೆ ಅದು ಅಡುಗೆಯವರ ಪರ ಸಾಕ್ಷಿ ಹೇಳುತ್ತದೆ.

ನಾನಾಗಿದ್ದರೆ ಹಾಕುತ್ತಿರಲಿಲ್ಲ ಎಂದು ಹೇಳಿದ್ದೇನೆ. ವಕೀಲರಿಗೆ ಕೊಡುವುದು ಆಸ್ಪತ್ರೆ ಬಿಲ್ಲನ್ನು ದಾಟಬಹುದು, ಗೆದ್ದರೂ ಯಾತನೆಯ ಬಾಬ್ತು ಕೇಳಿದ್ದರ ಹತ್ತಿರಕ್ಕೂ ಬರುವ ಸಾಧ್ಯತೆ ನನಗೆ ಕಾಣುವುದಿಲ್ಲ. ಎರಡು ವರ್ಷದ ಗಡುವಿದೆ, ಅವಸರವಿಲ್ಲ. ಅಷ್ಟರಲ್ಲಿ ಪಾಲಿಸಿಯನ್ನು ಪೂರ್ತಿ ಓದು ಎಂದೆ. ಓದಿದನಂತೆ. ಹೊರರೋಗಿ ಚಿಕಿತ್ಸೆಗೆಂದೇ ವರ್ಷಕ್ಕೆ ಇಷ್ಟು ಎಂಬ ಪ್ರತ್ಯೇಕ ಮೊತ್ತ ಅದರಲ್ಲಿದೆ. ಬಿಲ್ಲನ್ನು ಈಗ ಅದರಡಿ ಮತ್ತೆ ಕಳಿಸಿದ್ದಾನೆ, ಉತ್ತರ ಬರಬೇಕು.