ಭರ್ತಿ ಓಟವೇ ಬೇರೆ, ಮ್ಯಾರಥಾನ್ ಓಟವೇ ಬೇರೆ

ಕಬ್ಬೂರಿನ ರಸ್ತೆಯಲ್ಲಿ ನಸುಕಿನಲ್ಲಿ ಯಾರಾದರೂ ಓಡುತ್ತಿದ್ದರೆ ಜನ ಕೇಳುವುದು ಒಂದೇ ಮಾತು: "ಯಾವ ಭರ್ತಿ ಐತಿ?" ನಮ್ಮ ಚಿಕ್ಕೋಡಿ ಸೀಮೆಯಲ್ಲಿ ಓಟವೆಂದರೆ ಮಿಲಿಟರಿ ಇಲ್ಲವೇ ಪೊಲೀಸ್ ಭರ್ತಿಯ 1600 ಮೀಟರ್. ಉಸಿರು ಕಟ್ಟಿ ಕೆಲವೇ ನಿಮಿಷಗಳಲ್ಲಿ ಮುಗಿಸುವ ಓಟ ಅದು. ಮ್ಯಾರಥಾನ್ 42.195 ಕಿಲೋಮೀಟರ್, ಅದರ 26 ಪಟ್ಟಿಗಿಂತಲೂ ಹೆಚ್ಚು. ಹೊಲ, ನೌಕರಿ, ಸಂಸಾರ ಸಂಭಾಳಿಸಿಕೊಂಡು ಓಡುವವರಿಗೆ ನನ್ನ ಅನುಭವದ ಕೆಲವು ಪಾಠ ಇಲ್ಲಿವೆ.

1. ಮೊದಲು ಸಾವಕಾಶ ಓಡುವುದನ್ನು ಕಲಿಯಿರಿ. ಭರ್ತಿಗೆ ತಯಾರಾದವರಿಗೆ ಇದೇ ಎಲ್ಲಕ್ಕಿಂತ ಕಠಿಣ. ಜೊತೆಗಾರನೊಂದಿಗೆ ಸಲೀಸಾಗಿ ಮಾತಾಡುತ್ತ ಓಡಲು ಬಂದರೆ ಆ ವೇಗ ಸರಿ. ವಾರದ ಬಹುಪಾಲು ಓಟ ಇದೇ ವೇಗದಲ್ಲಿರಲಿ. ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆ ಅಂಶ ಸುಮಾರು 30 ಕಿಲೋಮೀಟರಿಗೆ ತಳ ಕಾಣುತ್ತದೆ. ಆರಂಭದಲ್ಲೇ ಜೋರು ಮಾಡಿದರೆ ಇನ್ನೂ ಬೇಗ ಬರಿದಾಗುತ್ತದೆ.

2. ವಾರಕ್ಕೊಂದು ಉದ್ದ ಓಟ ತಪ್ಪಿಸಬೇಡಿ. ನಾಲ್ಕೈದು ತಿಂಗಳ ತಯಾರಿ ಬೇಕು. ರವಿವಾರದ ಓಟವನ್ನು ಎರಡೆರಡು ಕಿಲೋಮೀಟರ್ ಏರಿಸಿ, ನಾಲ್ಕನೇ ವಾರ ಇಳಿಸಿ. 30-32 ಕಿಲೋಮೀಟರ್ ಮುಟ್ಟಿದರೆ ಸಾಕು. ಕೊನೆಯ ಎರಡು-ಮೂರು ವಾರ ಓಟ ಕಡಿಮೆ ಮಾಡಿ ಕಾಲಿಗೆ ವಿಶ್ರಾಂತಿ ಕೊಡಿ.

3. ಕಬ್ಬಿನ ಹಂಗಾಮನ್ನು ನೆನಪಿಡಿ. ಮುಂಬೈ ಮ್ಯಾರಥಾನ್ ಇರುವುದು ಜನವರಿಯಲ್ಲಿ. ಅದರ ತಯಾರಿಯ ಉದ್ದ ಓಟಗಳು ಹೆಚ್ಚಾಗಿ ಸಕ್ಕರೆ ಕಾರ್ಖಾನೆ ಕಬ್ಬು ನುರಿಸುವ ದಿನಗಳಲ್ಲೇ ಬೀಳುತ್ತವೆ. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳಿಗೆ ಎಷ್ಟೋ ಸಲ ಹಿಂದಿನ ದೀಪವೇ ಇರುವುದಿಲ್ಲ. ಕಬ್ಬು ಹೊರಗೆ ಚಾಚಿರುತ್ತದೆ. ವಾಹನಗಳಿಗೆ ಎದುರಾಗಿ, ರಸ್ತೆಯ ಬಲಕ್ಕೆ ಓಡಿ. ಬ್ಯಾಟರಿ, ಹೊಳೆಯುವ ಜಾಕೆಟ್ ಇರಲಿ. ಮೊಣಕಾಲಿಗೂ ಜೀವಕ್ಕೂ ಕಾಲುವೆ ದಂಡೆಯ ಮಣ್ಣಿನ ದಾರಿ ಒಳ್ಳೆಯದು. ಮಳೆ ಬಿದ್ದು ಎರೆಮಣ್ಣು ಬೂಟಿಗೆ ಮೆತ್ತಿದರೆ ಶಾಲೆಯ ಮೈದಾನವೇ ಗತಿ.

4. ಹೊಲದ ದುಡಿತವನ್ನೂ ಲೆಕ್ಕಕ್ಕೆ ಹಿಡಿಯಿರಿ. ರಾತ್ರಿ ತ್ರೀಫೇಸ್ ಕರೆಂಟು ಬಂದಾಗ ಎದ್ದು ಕಬ್ಬಿಗೆ ನೀರು ಹಾಯಿಸಿದವನು ಬೆಳಿಗ್ಗೆ ಮತ್ತೆ ಓಡಬಾರದು. ನಿದ್ದೆಗೆಟ್ಟ ಮೈ ಓಟದಿಂದ ಗಟ್ಟಿಯಾಗುವುದಿಲ್ಲ, ಸವೆಯುತ್ತದೆ. ಪಟ್ಟಿಯಲ್ಲಿ ಒಂದು ಓಟ ತಪ್ಪಿದರೆ ನಷ್ಟವಿಲ್ಲ. ಅದನ್ನು ಮರುದಿನಕ್ಕೆ ಕೂಡಿಸಲೂ ಬೇಡಿ.

5. ಊಟದ ಪರೀಕ್ಷೆ ಮೊದಲೇ ಆಗಲಿ. ಜೋಳದ ರೊಟ್ಟಿ, ಕಾಳಿನ ಪಲ್ಯ ದಿನನಿತ್ಯಕ್ಕೆ ಉತ್ತಮ. ಉದ್ದ ಓಟದ ಹಿಂದಿನ ರಾತ್ರಿ ಮಾತ್ರ ಅನ್ನ, ಚಪಾತಿ ಹೊಟ್ಟೆಗೆ ಹಗುರ. ಖಾರ, ಎಣ್ಣೆ ಕಡಿಮೆ ಮಾಡಿ. ನಸುಕಿಗೆ ಒಂದು ಬಾಳೆಹಣ್ಣು, ಓಡುವಾಗ ಮುಕ್ಕಾಲು ತಾಸಿಗೊಮ್ಮೆ ಬೆಲ್ಲದ ಚೂರು ಇಲ್ಲವೇ ಖರ್ಜೂರ. ನಿಮ್ಮ ಹೊಟ್ಟೆಗೆ ಒಗ್ಗುವುದು ಯಾವುದೆಂದು ತಯಾರಿಯಲ್ಲೇ ನೋಡಿಕೊಳ್ಳಿ. ಸ್ಪರ್ಧೆಯ ದಿನ ಹೊಸ ತಿನಿಸೂ ಬೇಡ, ಹೊಸ ಬೂಟೂ ಬೇಡ.

6. ನೀರು ಬಾಯಾರಿಕೆಗೆ ತಕ್ಕಷ್ಟು. ಕುಡಿಯದಿದ್ದರೆ ಅಪಾಯ, ಬರೀ ನೀರನ್ನೇ ಅತಿಯಾಗಿ ಕುಡಿದರೂ ಅಪಾಯ. ರಕ್ತದಲ್ಲಿ ಉಪ್ಪಿನ ಅಂಶ ಇಳಿದು ತಲೆಸುತ್ತು, ವಾಂತಿ ಬರಬಹುದು, ಪ್ರಾಣಕ್ಕೂ ಕುತ್ತಾಗಬಹುದು. ಉದ್ದ ಓಟದಲ್ಲಿ ಓಆರ್‌ಎಸ್, ಮುಗಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ ಇರಲಿ. ಬೇಸಿಗೆಯಲ್ಲಿ ಹೊತ್ತು ಏರುವ ಮೊದಲೇ ಮನೆ ಸೇರಿ.

7. ನೋವಿನಲ್ಲಿ ಭೇದವಿದೆ. ಎರಡೂ ಕಾಲು ಬಿಗಿದರೆ ಅದು ದಣಿವು, ಎರಡು ದಿನದಲ್ಲಿ ಹೋಗುತ್ತದೆ. ಎಲುಬಿನ ಒಂದೇ ಜಾಗದಲ್ಲಿ ಬೆರಳಿಟ್ಟು ತೋರಿಸುವಂಥ ನೋವಿದ್ದರೆ ಓಟ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಎದೆನೋವು ಬಂದರೆ, ಕಣ್ಣು ಕತ್ತಲೆಗಟ್ಟಿದರೆ ಆ ಕ್ಷಣವೇ ನಿಲ್ಲಿ. 40 ದಾಟಿದವರು, ಬಿಪಿ, ಶುಗರ್ ಇದ್ದವರು ತಯಾರಿಗೆ ಮೊದಲೇ ತಪಾಸಣೆ ಮಾಡಿಸಿಕೊಳ್ಳಬೇಕು.

8. ಮೊದಲ ಸಲ ಗಡಿಯಾರ ನೋಡಬೇಡಿ. ನೋಡಲೇಬೇಕೆಂದರೆ ಬೆಳಗಾವಿಯ ಪಿ. ಡಿ. ಚೌಗುಲೆ ಅವರನ್ನು ನೋಡಿ. 1920ರ ಆಂಟ್‌ವರ್ಪ್ ಒಲಿಂಪಿಕ್ಸ್ ಮ್ಯಾರಥಾನಿನಲ್ಲಿ ಭಾರತದ ಪರವಾಗಿ ಓಡಿ, 2 ತಾಸು 50 ನಿಮಿಷ 45 ಸೆಕೆಂಡಿನಲ್ಲಿ 19ನೆಯವರಾದರು. ಅಂದಿನ ದಾರಿ ಇಂದಿನದಕ್ಕಿಂತ ಉದ್ದ, 42.75 ಕಿಲೋಮೀಟರ್. ನಮ್ಮ ಜಿಲ್ಲೆಗೆ ಈ ಓಟ ಹೊಸದೇನಲ್ಲ ಎಂಬ ಧೈರ್ಯಕ್ಕೆ ಅವರ ಹೆಸರು ಸಾಕು. ಅವರ ವೇಗ ನಮಗೆ ಬೇಡ. ಹವ್ಯಾಸಿಗೆ ಮೊದಲ ಸಲ ಗುರಿ ಮುಟ್ಟುವುದೇ ಗೆಲುವು.

9. ಮೆಟ್ಟಿಲು ಹಾರಬೇಡಿ. ಮೊದಲು 10 ಕಿಲೋಮೀಟರ್, ಆಮೇಲೆ ಅರ್ಧ ಮ್ಯಾರಥಾನ್. ನಿಪ್ಪಾಣಿ ದಾಟಿ ಹೆದ್ದಾರಿ ಹಿಡಿದರೆ ಸಾತಾರಾ ಇದೆ. ಅಲ್ಲಿಯ ಯವತೇಶ್ವರ ಘಾಟಿನಲ್ಲಿ ಮಳೆಗಾಲದಲ್ಲಿ ನಡೆಯುವ ಅರ್ಧ ಮ್ಯಾರಥಾನ್ ಏರು ಹತ್ತಿಸಿ ಕಾಲು ಗಟ್ಟಿ ಮಾಡುತ್ತದೆ. ಪೂರ್ಣ ಮ್ಯಾರಥಾನ್ ಮರುವರ್ಷಕ್ಕಿರಲಿ.

ಭರ್ತಿಯಲ್ಲಿ ಆಯ್ಕೆಯಾಗದ ಹುಡುಗರು ಬೂಟನ್ನು ಅಟ್ಟಕ್ಕೆ ಎಸೆಯುವುದನ್ನು ಪ್ರತಿ ವರ್ಷ ನೋಡುತ್ತೇನೆ. ಅವರಿಗೆ ನನ್ನದೊಂದು ಮಾತು: ಭರ್ತಿಗೆ ವಯಸ್ಸಿನ ಗಡಿ ಉಂಟು, ಈ ಓಟಕ್ಕೆ ಇಲ್ಲ. ಬೂಟು ಕೆಳಗಿಳಿಸಿ, ಈ ರವಿವಾರ ಸಾವಕಾಶವಾಗಿ ಐದು ಕಿಲೋಮೀಟರ್ ಓಡಿ.